ಧಾತು–ಈಶ್ವರ ಕ್ಷಾಮದಲ್ಲಿ ಮಕ್ಕಳ ರಕ್ಷಣೆ: ಸಾಸಲು ಸೀಮೆಯಿಂದ ಒಂದು ನೋಟ

ಮೈಸೂರು ಸೀಮೆಯ ಕ್ಷಾಮಗಳ ಚರಿತ್ರೆಯನ್ನು ಬರೆದವರು ಮಳೆಯ ಪ್ರಮಾಣವನ್ನೂ ಧಾನ್ಯದ ಧಾರಣೆಯನ್ನೂ ಬೊಕ್ಕಸದ ವೆಚ್ಚವನ್ನೂ ವಿವರವಾಗಿ ಕೊಟ್ಟಿದ್ದಾರೆ. ಆ ವರದಿಗಳಲ್ಲಿ ಮಗುವು ಬಹುಮಟ್ಟಿಗೆ ಒಂದು ಕೋಷ್ಟಕದ ತಲೆಬರಹವಾಗಿ ಮಾತ್ರ ಕಾಣಿಸಿಕೊಳ್ಳುತ್ತದೆ: ಗಂಡಸರು, ಹೆಂಗಸರು, ಮಕ್ಕಳು ಎಂಬ ಕ್ರಮದಲ್ಲಿ ಕಡೆಯದು. 1876ರಿಂದ 1878ರವರೆಗೆ ನಾಡನ್ನು ಹಿಂಡಿದ ಮಹಾಕ್ಷಾಮದಲ್ಲಿ ಈ ಕಡೆಯ ಸಾಲಿನವರನ್ನು ಉಳಿಸಲು ಯಾರು ಏನನ್ನು ಮಾಡಿದರು, ಮಾಡಿದ್ದು ಎಷ್ಟರಮಟ್ಟಿಗೆ ಫಲಿಸಿತು ಎಂಬುದನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ಹಸಿವು ಮಕ್ಕಳಿಗೆ ಎಷ್ಟು ಅಪಾಯಕಾರಿಯಾಗಿತ್ತೋ ಮನೆಯು ಒಡೆದು ಚದುರುವುದೂ ಅಷ್ಟೇ ಅಪಾಯಕಾರಿಯಾಗಿತ್ತೆಂಬುದೂ, ಆ ಒಡಕಿಗೆ ಪರಿಹಾರ ಪದ್ಧತಿಯೇ ಅನೇಕ ವೇಳೆ ಕಾರಣವಾಯಿತೆಂಬುದೂ ನಮ್ಮ ಅಭಿಪ್ರಾಯ.

ದೊಡ್ಡಬಳ್ಳಾಪುರ ತಾಲ್ಲೂಕಿನ ಹೋಬಳಿ ಕೇಂದ್ರವಾದ ಸಾಸಲನ್ನು ನಾವು ದೃಷ್ಟಿಕೇಂದ್ರವಾಗಿ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಅದು ನದಿ ನಾಲೆಗಳ ಆಸರೆಯಿಲ್ಲದ, ಕೆರೆ ಬಾವಿಗಳನ್ನೂ ಮುಂಗಾರು ಹಿಂಗಾರುಗಳನ್ನೂ ನಂಬಿಕೊಂಡ ರಾಗಿಯ ನೆಲ. ಬೆಂಗಳೂರಿನ ಉತ್ತರಕ್ಕಿರುವ ಬಯಲು ಸೀಮೆಯ ನೂರಾರು ಹಳ್ಳಿಗಳ ಪರಿಸ್ಥಿತಿಗೂ ಅದರ ಪರಿಸ್ಥಿತಿಗೂ ಭೇದವಿಲ್ಲ. ಇಂಥ ಸೀಮೆಯಲ್ಲಿ ಒಕ್ಕಲು ಮನೆಗೆ ಬರಗಾಲದ ವಿಮೆಯೆಂದರೆ ಹಗೇವು. ನೆಲದೊಳಗಿನ ಆ ಕಣಜದಲ್ಲಿ ರಾಗಿಯು ವರ್ಷಗಟ್ಟಲೆ ಹುಳು ಹಿಡಿಯದೆ ಉಳಿಯುತ್ತದೆ. ಒಂದು ಮಳೆಗಾಲ ಕೈಕೊಟ್ಟರೆ ಹಗೇವಿನ ಬಾಯಿ ತೆರೆದು ಕಾಲ ಹಾಕುವುದು ರೂಢಿ. 1875ರಲ್ಲಿ ಬೆಳೆ ಅರೆಬರೆಯಾಯಿತು. 1876ರಲ್ಲಿ, ಎಂದರೆ ಧಾತು ಸಂವತ್ಸರದಲ್ಲಿ, ಮುಂಗಾರೂ ಹಿಂಗಾರೂ ಎರಡೂ ಹೋದವು. ಬೆಂಗಳೂರಿಗೆ ಮದರಾಸಿನಿಂದ ರೈಲು ಬಂದು ಆಗಲೇ ಹನ್ನೆರಡು ವರ್ಷವಾಗಿತ್ತು. ಆದರೆ ದೊಡ್ಡಬಳ್ಳಾಪುರದ ಕಡೆಗೆ ಕಂಬಿ ಬಿದ್ದದ್ದು 1890ರ ನಂತರ. ರೈಲಿನಲ್ಲಿ ಬಂದಿಳಿದ ಧಾನ್ಯವು ಅಲ್ಲಿಂದ ಮುಂದಕ್ಕೆ ಗಾಡಿಯಲ್ಲಿಯೇ ಸಾಗಬೇಕಾಗಿತ್ತು. ಗಾಡಿಯನ್ನು ಎಳೆಯಬೇಕಾದ ಎತ್ತುಗಳು ಮೇವಿಲ್ಲದೆ ಸಾಯುತ್ತಿದ್ದವು. ಈಶ್ವರ ಸಂವತ್ಸರದಲ್ಲಿ, 1877ರ ಮುಂಗಾರೂ ತಡವಾದಾಗ, ಆ ವರೆಗೆ ಊರಲ್ಲಿಯೇ ಕಚ್ಚಿಕೊಂಡಿದ್ದವರೂ ಹೊರಟರು.

ನಷ್ಟದ ಅಳತೆಯನ್ನು ಎರಡು ಜನಗಣತಿಗಳು ಕೊಡುತ್ತವೆ. 1871ರಲ್ಲಿ ಮೈಸೂರು ಸೀಮೆಯ ಜನಸಂಖ್ಯೆ 50,55,412, 1881ರಲ್ಲಿ 41,86,188. ಹತ್ತು ವರ್ಷಗಳಲ್ಲಿ 8,69,224 ಜನ ಕಡಮೆಯಾದರು. ಎಂದರೆ ನೂರಕ್ಕೆ 17ಕ್ಕೂ ಹೆಚ್ಚು. ಇವರೆಲ್ಲರೂ ಹಸಿವಿನಿಂದಲೇ ಸತ್ತರೆಂದು ಹೇಳುವಂತಿಲ್ಲ. ವಲಸೆ ಹೋದವರು ಇದ್ದಾರೆ, ಕಾಲರಾ ಮತ್ತು ಜ್ವರಗಳಿಗೆ ತುತ್ತಾದವರು ಇದ್ದಾರೆ, ಹುಟ್ಟಬೇಕಾಗಿದ್ದು ಹುಟ್ಟದೆ ಹೋದವರೂ ಇದ್ದಾರೆ. ಕ್ಷಾಮದ ಕಾಲದಲ್ಲಿ ಗರ್ಭಧಾರಣೆಯೇ ಇಳಿದುಹೋಗುತ್ತದೆಂಬುದನ್ನು ಜನಸಂಖ್ಯಾಶಾಸ್ತ್ರಜ್ಞರು ಇತ್ತೀಚಿನ ದಶಕಗಳಲ್ಲಿ ದೃಢಪಡಿಸಿದ್ದಾರೆ. ಎಲುಬು ತೊಗಲಾದ ಮಗುವಿಗೆ ಕ್ಷಾಮದ ತರುವಾಯ ಬಂದ ಮಳೆಯೂ ಅಪಾಯವೇ ಆಯಿತು. ಮಳೆಯ ಜತೆಗೆ ಚಳಿಜ್ವರ ಬಂತು.

ಇಲ್ಲಿ ಒಂದು ಸಂಗತಿಯನ್ನು ಪ್ರಾಸಂಗಿಕವಾಗಿ ಸ್ಮರಿಸಬಹುದು. ಆಗ ನಾಡಿನ ದೊರೆಯೇ ಒಬ್ಬ ಬಾಲಕ. 1863ರಲ್ಲಿ ಹುಟ್ಟಿದ ಚಾಮರಾಜೇಂದ್ರ ಒಡೆಯರಿಗೆ ಕ್ಷಾಮವು ಕಾಲಿಟ್ಟಾಗ ಹದಿಮೂರು ವರ್ಷ. ಆಡಳಿತವು ಬ್ರಿಟಿಷ್ ಕಮಿಷನರವರ ಕೈಯಲ್ಲಿತ್ತು. ಆ ಒಬ್ಬ ಬಾಲಕನ ವಿದ್ಯಾಭ್ಯಾಸ, ಆರೋಗ್ಯ, ಆಸ್ತಿ ಇವುಗಳ ಪೋಷಣೆಗೆ ಪಾಲಕರನ್ನು ನೇಮಿಸಿ ಪ್ರತಿಯೊಂದು ಅಂಶಕ್ಕೂ ಕಾಗದಪತ್ರ ನಡೆಸುತ್ತಿದ್ದ ಸರ್ಕಾರದ ಬಳಿ, ತಂದೆತಾಯಿಗಳನ್ನು ಕಳೆದುಕೊಂಡ ಒಕ್ಕಲು ಮಗುವಿನ ಪಾಲಕರು ಯಾರೆಂಬ ಬಗ್ಗೆ ಮೊದಲೇ ಸಿದ್ಧಪಡಿಸಿದ ನಿಯಮವಿರಲಿಲ್ಲ.

ಪರಿಹಾರಕ್ಕೆ ಎರಡು ದಾರಿಗಳಿದ್ದವು: ದುಡಿಯಬಲ್ಲವರಿಗೆ ಕಾಮಗಾರಿ, ದುಡಿಯಲಾರದವರಿಗೆ ಗಂಜಿಕೇಂದ್ರ. ಮೇಲುನೋಟಕ್ಕೆ ಈ ವಿಭಾಗ ಸಮಂಜಸವೆಂದೇ ತೋರುತ್ತದೆ. ಆದರೆ ಅದು ವ್ಯಕ್ತಿಗಳನ್ನು ವಿಭಾಗಿಸುತ್ತದೆ. ಹಳ್ಳಿಯಲ್ಲಿ ಹಸಿದಿದ್ದುದು ವ್ಯಕ್ತಿಯಲ್ಲ, ಒಲೆ. ತಂದೆಯು ಕೂಲಿಗೆ ಅರ್ಹ, ಅಜ್ಜಿಯು ಗಂಜಿಗೆ ಅರ್ಹಳು, ಹತ್ತು ವರ್ಷದ ಹುಡುಗ ಅರೆಕೂಲಿಗೆ ಅರ್ಹ, ಕಂಕುಳ ಕೂಸು ಎಲ್ಲಿಗೂ ಸೇರದು. ಬೆಂಗಳೂರು–ಮೈಸೂರು ರೈಲುಮಾರ್ಗದ ಮಣ್ಣಿನ ಕೆಲಸವು ಕ್ಷಾಮ ಪರಿಹಾರವಾಗಿಯೇ ಆರಂಭವಾದದ್ದು. ಸಾಸಲಿನಂಥ ಊರಿನವನು ಅಂಥ ಕೆಲಸಕ್ಕೆ ಹೋಗಬೇಕಾದರೆ ಬೆಂಗಳೂರನ್ನು ದಾಟಿ ಎರಡು ಮೂರು ದಿನ ನಡೆಯಬೇಕು. ಮಕ್ಕಳನ್ನು ಕರೆದೊಯ್ದರೆ ದಾರಿಯಲ್ಲಿ ಸಾವು. ಬಿಟ್ಟುಹೋದರೆ ಮನೆಯಲ್ಲಿ ಸಾವು. ದೂರವನ್ನು ಆಡಳಿತಗಾರರು ನಿಜವಾದ ಬಡವನನ್ನು ಗುರುತಿಸುವ ಪರೀಕ್ಷೆಯೆಂದು ಭಾವಿಸಿದರು. ಆ ಪರೀಕ್ಷೆಯಲ್ಲಿ ಮೊದಲು ಸೋಲುವುದು ನಡೆಯಲಾರದ ಮಗುವೆಂಬುದು ಅವರ ತರ್ಕಕ್ಕೆ ಎಟುಕಲಿಲ್ಲವೆಂದೇ ಹೇಳಬೇಕು.

ಕೂಲಿಯ ಪ್ರಮಾಣವೂ ಈ ವಿಷಯಕ್ಕೆ ಸೇರಿದ್ದೇ. ಭಾರತ ಸರ್ಕಾರದ ಪರವಾಗಿ ದಕ್ಷಿಣದ ಪರಿಹಾರ ಕಾರ್ಯವನ್ನು ನೋಡಲು ಬಂದ ಸರ್ ರಿಚರ್ಡ್ ಟೆಂಪಲ್ 1877ರ ಆರಂಭದಲ್ಲಿ ದಿನದ ಕೂಲಿಯನ್ನು ಗಂಡಾಳಿಗೆ ಒಂದು ಪೌಂಡು ಧಾನ್ಯದ ಬೆಲೆ ಮತ್ತು ಅರ್ಧ ಆಣೆಗೆ ಇಳಿಸಿದನು. ಒಂದು ಪೌಂಡೆಂದರೆ ಇಂದಿನ ಲೆಕ್ಕದಲ್ಲಿ ಸುಮಾರು 450 ಗ್ರಾಂ. ಮಣ್ಣು ಹೊರುವ ದೇಹಕ್ಕೆ ಇದು ಸಾಲದೆಂದು ಮದರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್ ಹಟಹಿಡಿದು ವಾದಿಸಿದನು. ಆ ವಾದವಿವಾದವೆಲ್ಲ ದುಡಿಯುವವನ ದೇಹದ ಬಗ್ಗೆ ನಡೆಯಿತು. ಆದರೆ ಕೂಲಿಯಾಳು ತನ್ನ ಪಾಲಿನಿಂದ ತೆಗೆದು ಮಗುವಿಗೆ ಕೊಡುತ್ತಾನೆ. ಆದುದರಿಂದ ಕೂಲಿಯಲ್ಲಿ ಇಳಿಸಿದ ಪ್ರತಿಯೊಂದು ತುತ್ತೂ ಮಕ್ಕಳ ಬಾಯಿಂದಲೂ ಇಳಿಯಿತೆಂದು ಭಾವಿಸುವುದು ನ್ಯಾಯವಾಗಿದೆ. ಹಾಲುಣಿಸುವ ತಾಯಿಯ ವಿಷಯದಲ್ಲಂತೂ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಗಂಜಿಕೇಂದ್ರಗಳು ಅನೇಕ ಜೀವಗಳನ್ನು ಉಳಿಸಿದವು. ಇದನ್ನು ಮೊದಲು ಒಪ್ಪಬೇಕು. 1877ರ ಅಕ್ಟೋಬರಿನಲ್ಲಿ ‘ಇಲ್ಲಸ್ಟ್ರೇಟೆಡ್ ಲಂಡನ್ ನ್ಯೂಸ್’ ಪತ್ರಿಕೆಯು ಬೆಂಗಳೂರಿನಲ್ಲಿ ಪರಿಹಾರಕ್ಕಾಗಿ ಕಾದಿರುವ ಜನರ ಚಿತ್ರವನ್ನು ಅಚ್ಚುಹಾಕಿತು. ಇಂಥ ಚಿತ್ರಗಳನ್ನು ನೋಡಿ ಇಂಗ್ಲೆಂಡಿನ ಜನ ಹಣ ಕಳುಹಿಸಿದರು. ಲಂಡನಿನ ಮ್ಯಾನ್ಷನ್ ಹೌಸ್ ನಿಧಿಗೆ ಆರು ಲಕ್ಷ ಪೌಂಡಿಗೂ ಮಿಗಿಲಾಗಿ ಸೇರಿತು. ಅದರ ನೆರವಿನಿಂದ ಮದರಾಸು ನಗರದಲ್ಲಿ ಎಳೆಯ ಮಕ್ಕಳನ್ನು ಹಗಲೆಲ್ಲ ಇರಿಸಿಕೊಂಡು ಉಣಿಸಿ ಸಂಜೆ ಮನೆಗೆ ಕಳುಹಿಸುವ ಶಿಶುಪಾಲನ ಗೃಹಗಳು ನಡೆದವೆಂದು ಆ ನಿಧಿಯ ಕಾರ್ಯದರ್ಶಿಗಳಲ್ಲಿ ಒಬ್ಬನಾಗಿದ್ದ ವಿಲಿಯಂ ಡಿಗ್ಬಿ ತನ್ನ 1878ರ ಗ್ರಂಥದಲ್ಲಿ ವರ್ಣಿಸಿದ್ದಾನೆ. ಸಂಜೆ ಮನೆಗೆ ಕಳುಹಿಸುವ ಈ ಏರ್ಪಾಡು ನಮ್ಮ ದೃಷ್ಟಿಯಲ್ಲಿ ಆ ಕ್ಷಾಮದ ಅತ್ಯಂತ ವಿವೇಕಯುತವಾದ ಪ್ರಯೋಗ. ಆದರೆ ಅದು ನಗರದ್ದು. ಹಳ್ಳಿಯಿಂದ ಬಂದವರಿಗೆ ಸಂಜೆ ಹಿಂತಿರುಗಲು ಮನೆಯೇ ಹತ್ತಿರದಲ್ಲಿರಲಿಲ್ಲ. ಅವರು ಕೇಂದ್ರದ ಸುತ್ತಲೂ ಬೀಡುಬಿಟ್ಟರು. ಬೀಡಿನಲ್ಲಿ ನೀರು ಕೆಟ್ಟಿತು, ಭೇದಿಯೂ ಕಾಲರವೂ ಹರಡಿದವು. ಬೆಂದ ಅನ್ನವನ್ನು ಯಾರ ಕೈಯಿಂದ ತೆಗೆದುಕೊಳ್ಳುವುದೆಂಬ ಜಾತಿಯ ಸಂಕೋಚದಿಂದ ಕೇಂದ್ರಕ್ಕೆ ಬಾರದೆ ಸತ್ತವರೂ ಉಂಟು. ದೊಡ್ಡವರ ಆ ಸಂಕೋಚದ ಬೆಲೆಯನ್ನು ಮಕ್ಕಳೂ ತೆತ್ತರು.

1877ರ ಸೆಪ್ಟೆಂಬರಿನಲ್ಲಿ ವೈಸರಾಯ್ ಲಾರ್ಡ್ ಲಿಟನ್ ಮೈಸೂರಿಗೆ ಬಂದುಹೋದ ತರುವಾಯ ಪರಿಹಾರದ ಆಡಳಿತವನ್ನು ಚಾರ್ಲ್ಸ್ ಎಲಿಯಟ್ ಎಂಬ ಅಧಿಕಾರಿಗೆ ಒಪ್ಪಿಸಲಾಯಿತು. ಗಂಜಿಕೇಂದ್ರಗಳ ಜನಸಂದಣಿಯನ್ನು ಕರಗಿಸಿ ಶಕ್ತರನ್ನು ಕಾಮಗಾರಿಗೂ ಅಶಕ್ತರನ್ನು ತಮ್ಮ ತಮ್ಮ ಹಳ್ಳಿಗೂ ಕಳುಹಿಸುವುದು ಅವನ ಆಡಳಿತದ ಧೋರಣೆ. ಹಳ್ಳಿಯಲ್ಲಿ ಪಟೇಲ ಶಾನುಭೋಗರ ಮೂಲಕ ಪಟ್ಟಿ ಮಾಡಿಸಿ, ಮೇಲಧಿಕಾರಿಗಳಿಂದ ಮನೆಮನೆಯನ್ನೂ ತಪಾಸಣೆ ಮಾಡಿಸಿ ಅಲ್ಲಿಯೇ ನೆರವು ಕೊಡುವುದು ಇದರ ಇನ್ನೊಂದು ಮುಖ. ಇದಕ್ಕೆ ಪ್ರೇರಣೆ ಬಹುಮಟ್ಟಿಗೆ ಮಿತವ್ಯಯವೇ ಹೊರತು ಮಕ್ಕಳ ಮೇಲಣ ಕನಿಕರವಲ್ಲ. ದೂರದ ಕಾಮಗಾರಿಯ ಕಷ್ಟವನ್ನು ಅದು ಹೆಚ್ಚಿಸಿತು ಕೂಡ. ಆದರೂ ಊರಲ್ಲಿಯೇ ನೆರವು ಎಂಬ ತತ್ತ್ವವು ಮಕ್ಕಳ ಪಾಲಿಗೆ ಸರಿಯಾದುದೇ ಆಗಿತ್ತು. ತಪ್ಪು ಕಾರಣಕ್ಕಾಗಿ ಸರಿಯಾದ ಕೆಲಸ ನಡೆಯುವುದು ಆಡಳಿತದ ಇತಿಹಾಸದಲ್ಲಿ ಅಪರೂಪವೇನಲ್ಲ.

ಇನ್ನು ಅನಾಥರ ವಿಷಯ. ತಂದೆತಾಯಿ ಸತ್ತ ಮಕ್ಕಳೂ, ಸಾಯದಿದ್ದರೂ ದಾರಿಯಲ್ಲಿ ತಪ್ಪಿಹೋದವರ ಮಕ್ಕಳೂ, ಉಳಿದುಕೊಳ್ಳಲೆಂದು ಬೇಕೆಂದೇ ಬಿಟ್ಟುಹೋದ ಮಕ್ಕಳೂ ‘ಅನಾಥ’ ಎಂಬ ಒಂದೇ ಹೆಸರಿನ ಕೆಳಗೆ ಬಂದರು. ಈ ಮೂರು ಬಗೆಯವರನ್ನು ಬೇರ್ಪಡಿಸದೆ ಹೋದದ್ದು ದೊಡ್ಡ ಲೋಪ. ಎರಡನೆಯ ಮತ್ತು ಮೂರನೆಯ ಬಗೆಯವರಿಗೆ ಹುಡುಕಿದರೆ ಮನೆಯಿತ್ತು. ಇವರನ್ನು ಕೈಗೆತ್ತಿಕೊಂಡವರಲ್ಲಿ ಕ್ರೈಸ್ತ ಮಿಷನ್‌ಗಳೇ ಮುಖ್ಯರು. ವೆಸ್ಲಿಯನ್ ಮಿಷನ್ ತುಮಕೂರಿನಲ್ಲಿ ಗಂಡುಮಕ್ಕಳಿಗೂ ಹಾಸನದಲ್ಲಿ ಹೆಣ್ಣುಮಕ್ಕಳಿಗೂ ಅನಾಥಾಲಯಗಳನ್ನು ನಡೆಸಿತು. ಕೆಥೋಲಿಕ ಮಿಷನ್ ಬೆಳೆದ ಅನಾಥರಿಗೆ ಭೂಮಿಯನ್ನು ಕೊಟ್ಟು ಬೇಸಾಯದ ಹಳ್ಳಿಗಳನ್ನು ನೆಲೆಗೊಳಿಸಿತು; ನೆಲಮಂಗಲದ ಕಡೆಯ ಸಿಲುವೆಪುರ ಇಂಥದೊಂದು. ಸಿಲುವೆಯೆಂದರೆ ಶಿಲುಬೆ, ಹೆಸರಿನಲ್ಲಿಯೇ ಊರಿನ ಹುಟ್ಟು ಇದೆ.

ಈ ಸಂಸ್ಥೆಗಳ ಬಗ್ಗೆ ನಮ್ಮಲ್ಲಿ ಎರಡು ಬಗೆಯ ಬರವಣಿಗೆ ಇದೆ: ಒಂದು ಶುದ್ಧ ಸ್ತುತಿ, ಇನ್ನೊಂದು ಶುದ್ಧ ನಿಂದೆ. ಎರಡೂ ನಮಗೆ ತೃಪ್ತಿಕರವಾಗಿಲ್ಲ. ಆ ಮಕ್ಕಳು ಬದುಕಿದರು, ಅಕ್ಷರವನ್ನೂ ಮರಗೆಲಸ ಹೊಲಿಗೆಗಳಂಥ ಕಸುಬನ್ನೂ ಕಲಿತರು ಎಂಬುದು ಸತ್ಯ. ಬದುಕಿನ ಜತೆಗೇ ಹೆಸರು, ಮತ, ಬಂಧುತ್ವಗಳೂ ಬದಲಾದವು, ಆ ಬದಲಾವಣೆಗೆ ಅವರ ಒಪ್ಪಿಗೆಯನ್ನು ಕೇಳುವ ಪ್ರಶ್ನೆಯೇ ಏಳಲಿಲ್ಲ ಎಂಬುದೂ ಸತ್ಯ. ಆದರೆ ಮಿಷನ್‌ಗಳನ್ನು ದೂರುವವರು ಇನ್ನೊಂದು ಪಕ್ಷವನ್ನೂ ನೋಡಬೇಕು. ಅಣ್ಣತಮ್ಮಂದಿರ ಮಕ್ಕಳನ್ನು ತಮ್ಮ ಮಕ್ಕಳೊಡನೆ ಸಾಕಿದ ಒಕ್ಕಲು ಮನೆಗಳು ನಮ್ಮಲ್ಲಿ ಬೇಕಾದಷ್ಟಿದ್ದವು. ಆದರೆ ಬಂಧುಗಳಿಲ್ಲದ ಮಗುವಿಗೆ, ಅದರಲ್ಲಿಯೂ ಕೆಳಜಾತಿಯೆನಿಸಿಕೊಂಡವರ ಮಗುವಿಗೆ, ಉಳ್ಳವರ ಮನೆಯ ಬಾಗಿಲು ತೆರೆಯುತ್ತಿದ್ದುದು ಹೆಚ್ಚಾಗಿ ಜೀತಕ್ಕೆ. ಹಿಟ್ಟಿಗೂ ಬಟ್ಟೆಗೂ ದನ ಕಾಯಲು ಸೇರಿದ ಹುಡುಗನ ಹೆಸರು ಯಾವ ಅನಾಥಾಲಯದ ದಫ್ತರದಲ್ಲಿಯೂ ಇರುವುದಿಲ್ಲ. ಜೀತವನ್ನು ರದ್ದುಮಾಡುವ ಕಾಯಿದೆ ಬರಲು 1976ರವರೆಗೆ, ಎಂದರೆ ಕ್ಷಾಮದ ತರುವಾಯ ಸರಿಯಾಗಿ ನೂರು ವರ್ಷ, ಕಾಯಬೇಕಾಯಿತು.

ಈ ಅನುಭವದಿಂದ ಸರ್ಕಾರವು ಪಾಠ ಕಲಿಯಲಿಲ್ಲವೆನ್ನುವಂತಿಲ್ಲ. ಎಲಿಯಟ್ಟನೇ ಕಾರ್ಯದರ್ಶಿಯಾಗಿದ್ದ ಕ್ಷಾಮ ಆಯೋಗವು 1880ರಲ್ಲಿ ವರದಿಯನ್ನು ಒಪ್ಪಿಸಿತು. 1883ರಲ್ಲಿ ಕ್ಷಾಮ ನಿಬಂಧನೆಗಳ ಕರಡು ಹೊರಟಿತು. ಹಳ್ಳಿಯಲ್ಲಿಯೇ ನೆರವು, ಕಾಮಗಾರಿಗೆ ಬಂದವರ ಮಕ್ಕಳಿಗೆ ಪ್ರತ್ಯೇಕ ಆಹಾರ ಎಂಬ ಅಂಶಗಳು ಅಲ್ಲಿಂದ ಮುಂದೆ ನಿಯಮಗಳಾದವು. ಮಕ್ಕಳ ಪಾಲನ್ನು ತಂದೆತಾಯಿಗಳ ಕೈಗೆ ದುಡ್ಡಾಗಿ ಕೊಡುವುದು ಮೇಲೋ, ಮಕ್ಕಳನ್ನೇ ಕೂರಿಸಿ ಉಣಿಸುವುದು ಮೇಲೋ ಎಂಬ ಚರ್ಚೆಯನ್ನು 1898ರ ಆಯೋಗವು ಎತ್ತಿಕೊಂಡಿತು. ದುಡ್ಡಾಗಿ ಕೊಟ್ಟದ್ದು ಮನೆಯ ಒಟ್ಟು ಮಡಕೆಗೆ ಸೇರಿ, ಎಲ್ಲರಿಗೂ ಹಂಚಿಹೋಗುತ್ತದೆಂಬುದು ಅಡಿಗೆಯ ಪಕ್ಷದವರ ವಾದ. ಅನಾಥರನ್ನು ಮೊದಲು ಬಂಧುಗಳಿಗೆ, ಅವರಿಲ್ಲದಿದ್ದರೆ ಸ್ವಧರ್ಮೀಯರಿಗೆ ಒಪ್ಪಿಸಲು ಯತ್ನಿಸಬೇಕೆಂಬ ನಿಯಮವೂ ಬಂತು. 1897ರ ಕ್ಷಾಮ ಧರ್ಮನಿಧಿಯು ಅನಾಥರ ಪೋಷಣೆಯನ್ನು ತನ್ನ ಮುಖ್ಯ ಉದ್ದೇಶಗಳಲ್ಲಿ ಒಂದೆಂದು ಘೋಷಿಸಿತು. ಮೈಸೂರಿಗೆ ಮಾತ್ರ ಕ್ಷಾಮದ ಉಳಿಕೆಯಾಗಿ ಎಂಬತ್ತು ಲಕ್ಷ ರೂಪಾಯಿಗಳ ಸಾಲವೂ ಬಂತು. 1881ರಲ್ಲಿ ದಿವಾನರಾದ ರಂಗಾಚಾರ್ಲು ಅವರು ಆಡಳಿತವನ್ನು ಆರಂಭಿಸಿದ್ದು ಆ ಸಾಲದ ಹೊರೆಯೊಡನೆ.

ಇದೆಲ್ಲವೂ ಪಾಶ್ಚಾತ್ಯ ಜಗತ್ತಿನಲ್ಲಿ ಮಕ್ಕಳ ಹಕ್ಕೆಂಬ ಮಾತು ಹುಟ್ಟುವುದಕ್ಕೆ ಮುಂಚಿನದು. ಮೊದಲನೆಯ ಮಹಾಯುದ್ಧದ ತರುವಾಯ, ಶತ್ರುದೇಶದ ಹಸಿದ ಮಕ್ಕಳಿಗಾಗಿ 1919ರಲ್ಲಿ ಹಣ ಕೂಡಿಸಲು ಹೊರಟ ಎಗ್ಲಂಟೈನ್ ಜೆಬ್ ಎಂಬ ಆಂಗ್ಲ ಮಹಿಳೆಯು ರಚಿಸಿದ ಘೋಷಣೆಯನ್ನು ರಾಷ್ಟ್ರಸಂಘವು 1924ರಲ್ಲಿ ಜಿನೀವದಲ್ಲಿ ಅಂಗೀಕರಿಸಿತು. ಆಪತ್ತಿನಲ್ಲಿ ನೆರವು ಮೊದಲು ಮಗುವಿಗೆ ಸಲ್ಲಬೇಕೆಂಬುದು ಅದರ ಒಂದು ಅಂಶ. ಕೋಷ್ಟಕದ ಕಡೆಯ ಸಾಲು ಕಾಗದದ ಮೇಲಾದರೂ ಮೊದಲನೆಯದಾಯಿತು. ವಿಶ್ವಸಂಸ್ಥೆಯ 1989ರ ಒಡಂಬಡಿಕೆಯನ್ನು ಭಾರತವು 1992ರಲ್ಲಿ ಒಪ್ಪಿಕೊಂಡಿತು. 2004ರ ಸುನಾಮಿಯ ತರುವಾಯ ತಮಿಳುನಾಡು ಸರ್ಕಾರವು ಅನಾಥರಾದ ಮಕ್ಕಳನ್ನು ಅವಸರದಿಂದ ದತ್ತು ಕೊಡುವುದನ್ನು ತಡೆಹಿಡಿದದ್ದರಲ್ಲಿ 1877ರ ಅನಾಥಾಲಯಗಳ ಪ್ರಶ್ನೆಗೆ ಒಂದು ಉತ್ತರವನ್ನು ಕಾಣಬಹುದು. ಕೋವಿಡ್ಡಿನಿಂದ ತಂದೆತಾಯಿಗಳನ್ನು ಕಳೆದುಕೊಂಡ ಮಕ್ಕಳಿಗಾಗಿ ಕರ್ನಾಟಕ ಸರ್ಕಾರವು 2021ರಲ್ಲಿ ಪ್ರಕಟಿಸಿದ ಬಾಲಸೇವಾ ಯೋಜನೆಯು, ತಿಂಗಳಿಗೆ 3,500 ರೂಪಾಯಿಗಳನ್ನು ಮಗುವನ್ನು ಸಾಕುವ ಮನೆಗೇ ಸಲ್ಲಿಸುವಂತೆ ಏರ್ಪಡಿಸಿತು. ಸಾಕಿದ ಚಿಕ್ಕಪ್ಪನಿಗೂ ಸೋದರಮಾವನಿಗೂ ಸರ್ಕಾರದ ಲೆಕ್ಕದಲ್ಲಿ ಕಡೆಗೂ ಒಂದು ಸ್ಥಾನ ದೊರೆಯಿತು.

ಊರಲ್ಲಿಯೇ ಕೂರಿಸಿ ಉಣಿಸುವ ಏರ್ಪಾಡು ನಮ್ಮಲ್ಲಿ ಬೇರೂರಿದ್ದು ಕ್ಷಾಮದ ದಫ್ತರಗಳಿಂದಲ್ಲ, ಬೇರೆ ದಾರಿಯಿಂದ. 1975ರಲ್ಲಿ ದೇಶದ 33 ಕಡೆಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕಕ್ಕೆ ಅದು ಬಂದದ್ದು ತಿರುಮಕೂಡಲು ನರಸೀಪುರದಲ್ಲಿ. ಅಂಗನವಾಡಿಗಳು ಅಲ್ಲಿಂದ ಹಬ್ಬಿದವು. ಶಾಲೆಯ ಬಿಸಿಯೂಟ ಅದರ ತರುವಾಯದ್ದು. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದಾಗ, 2024ರ ಬೇಸಗೆಯ ರಜೆಯಲ್ಲಿಯೂ ಆ ತಾಲ್ಲೂಕುಗಳ ಶಾಲೆಗಳಲ್ಲಿ ಮಧ್ಯಾಹ್ನದ ಊಟವನ್ನು ನಡೆಸಬೇಕೆಂದು ಆಜ್ಞೆಯಾಯಿತು. ಪಾಠವಿಲ್ಲದ ಆ ದಿನಗಳಲ್ಲಿ ಮಕ್ಕಳು ತಟ್ಟೆ ಹಿಡಿದು ಶಾಲೆಗೆ ಬಂದು, ಉಂಡು, ಮನೆಗೆ ಹಿಂತಿರುಗಿದರು.