ಬೇಸ್ ಗಿಟಾರಿನ ಜೀರ್ಣೋದ್ಧಾರ

ಬೇಸ್ ಗಿಟಾರಿನ ಇತಿಹಾಸ ಒಂದು ಶತಮಾನದಷ್ಟೂ ಹಳೆಯದಲ್ಲ. ಅಮೆರಿಕದ ಸಿಯಾಟಲ್‌ನಲ್ಲಿ ಪಾಲ್ ಟಟ್‌ಮಾರ್ಕ್ 1930ರ ದಶಕದಲ್ಲೇ ಅಡ್ಡ ಹಿಡಿದು ನುಡಿಸುವ ವಿದ್ಯುತ್ ಬೇಸ್ ಮಾಡಿದ್ದರೂ ಅದಕ್ಕೆ ಕೊಳ್ಳುವವರು ಹೆಚ್ಚಾಗಿ ಸಿಗಲಿಲ್ಲ. 1951ರಲ್ಲಿ ಕ್ಯಾಲಿಫೋರ್ನಿಯಾದ ಫುಲರ್ಟನ್‌ನಿಂದ ಲಿಯೋ ಫೆಂಡರ್ ಹೊರತಂದ ‘ಪ್ರಿಸಿಷನ್ ಬೇಸ್’ ನೆಲೆ ನಿಂತಿತು. ಅಲ್ಲಿಯವರೆಗೆ ವಾದ್ಯವೃಂದದ ಮಂದ್ರಸ್ವರಗಳ ಹೊಣೆ ಆಳೆತ್ತರದ ಡಬಲ್ ಬೇಸಿನದು. ಅದನ್ನು ಊರಿಂದೂರಿಗೆ ಹೊತ್ತೊಯ್ಯುವುದೇ ಒಂದು ಸಾಹಸ. ಡ್ರಮ್, ಟ್ರಂಪೆಟ್‌ಗಳ ಅಬ್ಬರದಲ್ಲಿ ಅದರ ದನಿ ಅಡಗಿಹೋಗುತ್ತಿತ್ತು. ಮೆಟ್ಟಿಲುಗಳಿಲ್ಲದ್ದರಿಂದ ಸ್ವರಸ್ಥಾನವನ್ನು ಕಿವಿಯನ್ನೇ ನಂಬಿ ಹಿಡಿಯಬೇಕಿತ್ತು. ಫೆಂಡರ್ ತಮ್ಮ ಬೇಸಿಗೆ ಮೆಟ್ಟಿಲು ಕೂರಿಸಿದರು. ಬೆರಳಿಟ್ಟಲ್ಲಿ ಸ್ವರ ನಿಖರವಾಗಿ ಬರತೊಡಗಿತು, ‘ಪ್ರಿಸಿಷನ್’ ಎಂಬ ಹೆಸರು ಬಂದದ್ದು ಆ ನಿಖರತೆಯಿಂದ.

ಹೀಗೆ ಹುಟ್ಟಿದ ವಾದ್ಯಗಳಲ್ಲಿ ಮೊದಮೊದಲಿನವಕ್ಕೆ ಈಗ ಎಪ್ಪತ್ತು ದಾಟಿದೆ. ಬೇಸನ್ನು ಹಾಳುಗೆಡಹುವುದರಲ್ಲಿ ಅದರ ತಂತಿಗಳದೇ ದೊಡ್ಡ ಪಾಲು. ಉದ್ದ ಕತ್ತಿನ ಬೇಸಿನಲ್ಲಿ ನಾಲ್ಕು ತಂತಿಗಳ ಒಟ್ಟು ಎಳೆತ ಸುಮಾರು 80 ಕಿಲೋ. ವರ್ಷಗಟ್ಟಲೆ ಈ ಎಳೆತ ತಡೆದ ಮರದ ಕತ್ತು ಬಿಲ್ಲಿನಂತೆ ಬಾಗುತ್ತದೆ, ತಂತಿ ಮೇಲೇರಿ ಬೆರಳಿಗೆ ಒತ್ತಲಾಗದಷ್ಟು ದೂರವಾಗುತ್ತದೆ. ಇದಕ್ಕೆ ಪರಿಹಾರವೆಂದು ಕತ್ತಿನೊಳಗೆ ಹುದುಗಿಸಿದ ಉಕ್ಕಿನ ಸರಳಿಗೆ ‘ಟ್ರಸ್ ರಾಡ್’ ಎಂದು ಹೆಸರು. ಗಿಬ್ಸನ್ ಕಂಪನಿಯ ಥಡಿಯಸ್ ಮೆಕ್‌ಹ್ಯೂ 1920ರ ದಶಕದ ಆರಂಭದಲ್ಲಿ ಇದಕ್ಕೆ ಪೇಟೆಂಟ್ ಪಡೆದಿದ್ದರು.

ಹಳೆಯ ಫೆಂಡರ್‌ಗಳಲ್ಲಿ ಈ ಸರಳಿನ ತಿರುಪು ಕತ್ತಿನ ಬುಡದಲ್ಲಿದೆ. ಅದನ್ನು ತಿರುಗಿಸಬೇಕಾದರೆ ತಂತಿ ಸಡಿಲಿಸಿ, ಹಿಂಬದಿಯ ನಾಲ್ಕು ಸ್ಕ್ರೂ ಬಿಚ್ಚಿ, ಕತ್ತನ್ನೇ ಹೊರತೆಗೆಯಬೇಕು. ಆಗ ಬುಡದ ಬರಿ ಮರದ ಮೇಲೆ ಕಾರ್ಖಾನೆಯ ಕೆಲಸಗಾರ ಬರೆದ ಅಥವಾ ಒತ್ತಿದ ತಿಂಗಳು, ವರ್ಷ ಎಷ್ಟೋ ಸಲ ಕಣ್ಣಿಗೆ ಬೀಳುತ್ತದೆ. ವಾದ್ಯದ ಜಾತಕವೇ ಅದು. ಉಜ್ಜುಕಾಗದವನ್ನು ಅದರ ಹತ್ತಿರಕ್ಕೂ ಒಯ್ಯಬಾರದು. ತುಕ್ಕು ಹಿಡಿದ ತಿರುಪನ್ನು ಬಲವಂತವಾಗಿ ತಿರುಗಿಸಿದರೆ ಸರಳು ಮುರಿಯುವ ಅಪಾಯವಿದೆ. ಆದ್ದರಿಂದ ಕಾಲು ಸುತ್ತು ತಿರುಗಿಸಿ, ಕತ್ತು ಜೋಡಿಸಿ, ತಂತಿ ಬಿಗಿದು, ಮರ ಹೊಂದಿಕೊಳ್ಳುವವರೆಗೆ ಕಾದು ಮತ್ತೆ ನೋಡುವುದೇ ಸರಿಯಾದ ಕ್ರಮ. ಕತ್ತು ಪೂರ್ತಿ ನೇರವಾಗುವುದೂ ಬೇಡ. ಮಿಡಿದ ತಂತಿ ಅಗಲವಾಗಿ ಆಡುವುದರಿಂದ ನಡುವೆ ಕೂದಲೆಳೆಯಷ್ಟು ತಗ್ಗು ಇರಲೇಬೇಕು.

ಆಮೇಲೆ ಮೆಟ್ಟಿಲುಗಳ ಸರದಿ. ವೀಣೆಯ ಮೆಟ್ಟಿಲುಗಳು ಮೇಣದಲ್ಲಿ ಕೂತಿರುವುದರಿಂದ ಸ್ವರ ತಪ್ಪಿದಾಗ ಮೇಣ ಕರಗಿಸಿ ಮೇಳ ಕಟ್ಟಬಹುದು. ಬೇಸಿನ ಮೆಟ್ಟಿಲು ಮರದ ಸೀಳಿನಲ್ಲಿ ಬಡಿದು ಕೂರಿಸಿದ ಲೋಹ. ತಂತಿ ತಿಂದು ಅದರಲ್ಲಿ ಹಳ್ಳ ಬಿದ್ದರೆ ಅರದಿಂದ ಎಲ್ಲವನ್ನೂ ಒಂದೇ ಮಟ್ಟಕ್ಕೆ ತಂದು, ತಲೆಯನ್ನು ಮತ್ತೆ ದುಂಡಗೆ ಮಾಡಬೇಕು. ಸವೆಯಲು ಲೋಹವೇ ಉಳಿದಿಲ್ಲವಾದರೆ ಹೊಸದು ಹಾಕುವುದು ಅನಿವಾರ್ಯ. ವಿದ್ಯುತ್ ಭಾಗದ್ದು ಬೇರೆಯೇ ಕಥೆ. ಪಿಕಪ್ ಎಂದರೆ ಆಯಸ್ಕಾಂತದ ಸುತ್ತ ಕೂದಲಿಗಿಂತ ತೆಳುವಾದ ತಾಮ್ರದ ತಂತಿಯ ಸಾವಿರಾರು ಸುತ್ತು. ಎಲ್ಲೋ ಒಂದು ಕಡೆ ಅದು ತುಂಡಾದರೂ ವಾದ್ಯ ಮೂಕ.

ಎಲ್ಲಕ್ಕಿಂತ ಕಷ್ಟವಾದದ್ದು ಏನನ್ನು ಮುಟ್ಟದೆ ಬಿಡಬೇಕೆಂಬ ತೀರ್ಮಾನ. ಮೊದಲಿನ ಬಣ್ಣ ಕೆರೆದು ಹೊಸದು ಬಳಿದ ಬೇಸಿಗೆ ಸಂಗ್ರಾಹಕರಲ್ಲಿ ಬೆಲೆ ಬಿದ್ದುಹೋಗುತ್ತದೆ. ಅಮೆರಿಕದ ಮೋಟೌನ್ ಧ್ವನಿಮುದ್ರಣ ಕಂಪನಿಯ ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ ತಂತಿ ತುಂಡಾಗದ ಹೊರತು ಬದಲಿಸುತ್ತಿರಲಿಲ್ಲ. ಕೊಳೆ ಹಿಡಿದ ತಂತಿಯಲ್ಲೇ ಅವರ ನಾದವಿತ್ತು. ಎಳೆತ ಹೊರುವ ಭಾಗವನ್ನು ಬಲಪಡಿಸಿ, ಕೈ ಸವೆಸಿದ ಗುರುತುಗಳನ್ನು ಹಾಗೇ ಉಳಿಸುವುದು ನುರಿತ ಕುಶಲಕರ್ಮಿಯ ಲಕ್ಷಣ.

ಆದರೆ ಬೇಸ್ ವಾದಕ ಜಾಕೋ ಪಾಸ್ಟೋರಿಯಸ್ ಅವರ 1962ರ ಫೆಂಡರ್ ‘ಜಾಝ್ ಬೇಸ್’ ವಿಷಯದಲ್ಲಿ ಇಂಥ ಆಯ್ಕೆಗೆ ಅವಕಾಶವೇ ಇರಲಿಲ್ಲ. ಅದರ ಮೆಟ್ಟಿಲುಗಳು ಕಿತ್ತುಹೋಗಿದ್ದವು, ಸೀಳುಗಳನ್ನು ತುಂಬಿ ಮೇಲೆ ದೋಣಿಗೆ ಬಳಿಯುವ ಎಪಾಕ್ಸಿ ಬಳಿಯಲಾಗಿತ್ತು. 1980ರ ದಶಕದ ನಡುವೆ ಅದು ಒಡೆದು ಚೂರುಚೂರಾಯಿತು. ಕೆವಿನ್ ಕಾಫ್‌ಮನ್ ಮತ್ತು ಜಿಮ್ ಹ್ಯಾಮಿಲ್ಟನ್ ಆ ಚೂರುಗಳನ್ನೆಲ್ಲ ಅಂಟಿಸಿ ಮತ್ತೆ ನುಡಿಯುವಂತೆ ಮಾಡಿದರು. 1986ರಲ್ಲಿ ನ್ಯೂಯಾರ್ಕಿನಲ್ಲಿ ಅದು ಕಳುವಾಯಿತು, ಮರುವರ್ಷ ಪಾಸ್ಟೋರಿಯಸ್ ತೀರಿಕೊಂಡರು. ಸುಮಾರು ಇಪ್ಪತ್ತು ವರ್ಷಗಳ ಬಳಿಕವಷ್ಟೇ ವಾದ್ಯ ಮತ್ತೆ ಬೆಳಕಿಗೆ ಬಂತು.

ಸಂಗೀತಗಾರ ಪಾಲ್ ಮೆಕಾರ್ಟ್ನಿ ಅವರ ಹಾಫ್ನರ್ ಬೇಸಿನದು ಇನ್ನೂ ದೀರ್ಘ ಅಜ್ಞಾತವಾಸ. ಜರ್ಮನಿಯ ವಾಲ್ಟರ್ ಹಾಫ್ನರ್ 1955ರಲ್ಲಿ ರೂಪಿಸಿದ, ಪಿಟೀಲಿನ ಆಕಾರದ ಟೊಳ್ಳು ವಾದ್ಯ ಅದು. ಅದರ ಕುದುರೆಗೆ ಸ್ಕ್ರೂ ಇಲ್ಲ, ತಂತಿಯ ಒತ್ತಡವೊಂದೇ ಅದನ್ನು ಹಿಡಿದಿಡುತ್ತದೆ. ಹಾಗಾಗಿ ದುರಸ್ತಿಗೆ ತಂತಿ ಬಿಚ್ಚುವ ಮೊದಲು ಕುದುರೆಯ ಜಾಗ ಗುರುತು ಮಾಡಿಕೊಳ್ಳಬೇಕು, ಅದು ಜರುಗಿದರೆ ಸ್ವರವೆಲ್ಲ ಅಪಸ್ವರ. ಎಡಗೈಯಲ್ಲಿ ಮೀಟುವ ಮೆಕಾರ್ಟ್ನಿಗೆ ಎರಡೂ ಬದಿ ಒಂದೇ ತೆರನಾಗಿದ್ದ ಈ ಆಕಾರ ಒಪ್ಪಿತು. 1961ರಲ್ಲಿ ಹ್ಯಾಂಬರ್ಗಿನಲ್ಲಿ ಸುಮಾರು 30 ಪೌಂಡಿಗೆ ಕೊಂಡ ಅದು 1972ರಲ್ಲಿ ಲಂಡನ್ನಿನ ನಾಟಿಂಗ್ ಹಿಲ್‌ನಲ್ಲಿ ವ್ಯಾನಿನಿಂದ ಕಳುವಾಯಿತು. ದೊಡ್ಡ ಹುಡುಕಾಟದ ನಂತರ ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಮನೆಯೊಂದರ ಅಟ್ಟದಲ್ಲಿ ಪತ್ತೆಯಾಯಿತು, ಸುದ್ದಿ 2024ರ ಫೆಬ್ರುವರಿಯಲ್ಲಿ ಹೊರಬಿತ್ತು. ಮೂಲ ಪೆಟ್ಟಿಗೆಯೂ ಜೊತೆಗೇ ಇತ್ತು, ಆದರೆ ರಿಪೇರಿಯಾಗದೆ ನುಡಿಸುವಂತಿರಲಿಲ್ಲ. ಅದೇ ವರ್ಷದ ಡಿಸೆಂಬರ್ 19ರಂದು ಲಂಡನ್ನಿನ ಓಟೂ ಸಭಾಂಗಣದಲ್ಲಿ, ಐವತ್ತು ವರ್ಷಗಳ ನಂತರ, ಮೆಕಾರ್ಟ್ನಿ ಅದನ್ನು ಕೈಗೆತ್ತಿಕೊಂಡು ನುಡಿಸಿದರು.