ಅಜ್ಜಿಯ ಸಂವತ್ಸರಗಳು

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಬಾಳಿದ ಅಜ್ಜಿಯರ ವಯಸ್ಸನ್ನು ಕೇಳಿದರೆ ಅಂಕಿಯ ಉತ್ತರ ದೊರೆಯುತ್ತಿದ್ದುದು ವಿರಳ. ಧಾತು ಈಶ್ವರದ ಬರದಲ್ಲಿ ತಾನು ತಾಯಿಯ ಕಂಕುಳಲ್ಲಿದ್ದೆನೆಂದೋ, ಪ್ಲೇಗಿಗೆ ಊರು ಬಿಟ್ಟ ವರ್ಷ ಹಿರಿಯ ಮಗ ಹುಟ್ಟಿದನೆಂದೋ ಆಕೆ ಹೇಳುವಳು. ಜನಗಣತಿಗೆ ಬಂದವನು ಅದನ್ನು ಐವತ್ತು, ಅರವತ್ತು ಎಂದು ಉರುಟಾಗಿಸಿ ಬರೆದುಕೊಳ್ಳುವನು. ಹಳೆಯ ಗಣತಿಯ ಕೋಷ್ಟಕಗಳಲ್ಲಿ ಹತ್ತು ಹತ್ತರ ಅಂಕಿಗಳ ಬಳಿ ಜನ ಅಸಹಜವಾಗಿ ಕಿಕ್ಕಿರಿದು ನಿಂತಿರುವುದು ಇಂತಹ ಬರವಣಿಗೆಯಿಂದಲೇ. ಇದನ್ನು ಅಕ್ಷರ ಬಾರದವಳ ಅಜ್ಞಾನವೆಂದು ಬಗೆಯುವುದು ವಾಡಿಕೆಯಾಗಿದೆ. ವಾಸ್ತವವಾಗಿ ಆಕೆಯ ಉತ್ತರವೇ ಗಣತಿಯ ಅಂಕಿಗಿಂತ ನಿಖರವಾದುದು.

ಧಾತು ಸಂವತ್ಸರವೆಂದರೆ 1876-77, ಈಶ್ವರವೆಂದರೆ 1877-78. ಅರವತ್ತು ವರ್ಷಗಳಿಗೊಮ್ಮೆ ಹೆಸರು ಮರಳುವುದರಿಂದ 1936ರ ಧಾತುವಿನೊಡನೆ ಗೊಂದಲವಾಗಬಹುದಾದರೂ, ಬರದ ಮಾತು ಬಂದೊಡನೆ ಅದು ಪರಿಹಾರವಾಗುತ್ತದೆ. 1871ರಲ್ಲಿ 50,55,412 ಇದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 41,86,188ಕ್ಕೆ ಇಳಿದಿತ್ತು. ಸರಕಾರದ ವರದಿಗಳು ಈ ನಷ್ಟವನ್ನು ಮಳೆ, ಧಾರಣೆ, ಕಂದಾಯಗಳ ಭಾಷೆಯಲ್ಲಿ ಹೇಳುತ್ತವೆ. ಅಜ್ಜಿಯ ನೆನಪಿನಲ್ಲಿ ಅದು ಯಾವ ಮನೆಯ ಬಾಗಿಲು ಮತ್ತೆ ತೆರೆಯಲಿಲ್ಲ, ಯಾವ ಹುಡುಗಿಯನ್ನು ಯಾವ ನಂಟರ ಮನೆಗೆ ಬಿಟ್ಟುಬಂದರು ಎಂಬ ರೂಪದಲ್ಲಿ ಉಳಿದಿರುತ್ತಿತ್ತು.

ಆ ನೆನಪು ಬರಿಯ ಮಾತಿನಲ್ಲಿ ಉಳಿದುದಲ್ಲ, ಅಡಿಗೆಮನೆಯ ಶಿಸ್ತೇ ಆಗಿತ್ತು. ರಾಗಿಯನ್ನು ಹಗೇವಿನಲ್ಲಿ ತುಂಬಿ, ಮೇಲೆ ಹುಲ್ಲು ಹೊದಿಸಿ, ಬಾಯಿಗೆ ಕಲ್ಲುಚಪ್ಪಡಿ ಎಳೆದು ಮಣ್ಣು ಮುಚ್ಚಿದರೆ ವರ್ಷಗಟ್ಟಲೆ ಕೆಡದು. ತೆರೆದ ಕೂಡಲೆ ಒಳಗಿಳಿಯಬಾರದು, ಕೆಟ್ಟ ಗಾಳಿ ಹೊರಹೋಗುವ ತನಕ ಕಾಯಬೇಕು. ಫಸಲು ಚೆನ್ನಾಗಿದ್ದ ವರ್ಷವೂ ಹಗೇವಿಗೆ ಕೈ ಹಾಕಗೊಡದ ಅಜ್ಜಿಯನ್ನು ಮನೆಯ ಎಳೆಯರು ಜಿಪುಣಿ ಎಂದು ನಗುತ್ತಿದ್ದುದುಂಟು. ಹೊಲದ ಬದುವಿನಿಂದ ಅಣ್ಣೆ, ಗೋಣಿ, ಹೊನಗೊನ್ನೆ, ತಗಚೆಗಳನ್ನು ಆಯ್ದು ಬೆರಕೆ ಸೊಪ್ಪು ಮಾಡುವ ವಿದ್ಯೆಯೂ ಹಾಗೆಯೇ. ಬಿತ್ತದೆ ಬೆಳೆಯುವುದರಲ್ಲಿ ಯಾವುದು ತಿನ್ನತಕ್ಕದ್ದು, ಯಾವುದು ಅಲ್ಲ ಎಂಬ ತಿಳಿವು ಬರಗಾಲದಲ್ಲಿ ಪ್ರಾಣದ ಪ್ರಶ್ನೆಯಾಗಿತ್ತು. ಅದು ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಹೋಯಿತೇ ಹೊರತು ಯಾವ ಕಡತಕ್ಕೂ ಏರಲಿಲ್ಲ.

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ರೈಲುದಾರಿ ಹಿಡಿದು 1898ರ ವಿಳಂಬಿ ಸಂವತ್ಸರದಲ್ಲಿ ಬೆಂಗಳೂರನ್ನು ಮುಟ್ಟಿತು. ಮುಂದಿನ ಹಲವು ವರ್ಷಗಳು ಇಲಿ ಬಿದ್ದ ಸುದ್ದಿ ಬಂದೊಡನೆ ಊರಿಗೆ ಊರೇ ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿತ್ತು. ಬಾಣಂತನಗಳು ಅಲ್ಲಿಯೇ ನಡೆದುವು.

1918ರ ಕಾಳಯುಕ್ತಿಯ ಇನ್‌ಫ್ಲುಯೆಂಜಾ ಇದಕ್ಕಿಂತ ಕ್ರೂರವಾದುದು. ಭಾರತದಲ್ಲಿ ಒಂದು ಕೋಟಿಗೂ ಮೀರಿ ಜನ ಸತ್ತರು. 1921ರ ಗಣತಿಯಲ್ಲಿ ದೇಶದ ಜನಸಂಖ್ಯೆ 1911ಕ್ಕಿಂತ ಕಡಿಮೆಯಾಗಿತ್ತು. ಈ ಜ್ವರ ಮುದುಕರಿಗಿಂತ ಹರೆಯದವರನ್ನು ಹೆಚ್ಚಾಗಿ ಒಯ್ದಿತು, ಅವರಲ್ಲಿಯೂ ಹೆಂಗಸರನ್ನು. ಸೊಸೆ, ಮಗಳು ಹೋದ ಮನೆಗಳಲ್ಲಿ ಮುದುಕಿಯೇ ಮತ್ತೆ ತಾಯಿಯಾಗಬೇಕಾಯಿತು. ‘ಅಜ್ಜಿ ಸಾಕಿದ ಮಗು’ ಎಂಬ ಮಾತನ್ನು ಇಂದು ಮುದ್ದಿನ ಅರ್ಥದಲ್ಲಿ ಬಳಸುವವರು ಆ ಪೀಳಿಗೆಯ ಮನೆಗಳಲ್ಲಿ ಅದಕ್ಕಿದ್ದ ಅರ್ಥವನ್ನು ಮರೆತಿದ್ದಾರೆ.

ಆ ಅಜ್ಜಿಯರ ಹೆಸರು ಸರಕಾರಿ ದಾಖಲೆಗಳಲ್ಲಿ ಸಿಗುವುದು ಅಪರೂಪ. ಭೂಮಿಯ ಖಾತೆಗಳಲ್ಲಿ ಗಂಡಸರ ಹೆಸರುಗಳಿವೆ. ಹೆಂಗಸು ಕಾಣಿಸಿದರೆ ಹೆಚ್ಚಾಗಿ ಯಾರದೋ ವಿಧವೆಯಾಗಿ. ಅವರ ಮಾತನ್ನು ಕಿವಿಯಾರೆ ಕೇಳಿದವರಲ್ಲಿ ಉಳಿದಿರುವವರು ಕೆಲವರೇ, ಅವರೂ ಮುಪ್ಪಿನವರು. ಅವರಲ್ಲಿ ಅನೇಕರು ಉದ್ಯೋಗಕ್ಕಾಗಿ ಮುಂಬಯಿ, ಪುಣೆ, ದೆಹಲಿಗಳನ್ನು ಸೇರಿ ಅಲ್ಲಿಯೇ ನೆಲೆಸಿದವರು. ಇವರ ಪೈಕಿ ಹಲವರ ಜನ್ಮದಿನವನ್ನು ಹಳ್ಳಿಯ ಶಾಲೆಯ ಮೇಷ್ಟರು ಸೇರಿಸಿಕೊಳ್ಳುವ ದಿನ ಅಂದಾಜಿನಿಂದ ಬರೆದದ್ದು. ಆ ತಾರೀಖಿನ ಪ್ರಕಾರವೇ ಅವರು ನೌಕರಿಗೆ ಸೇರಿದರು, ಅದರ ಪ್ರಕಾರವೇ ನಿವೃತ್ತರಾದರು. ಅಜ್ಜಿ ಹೇಳಿದ್ದು ಬೇರೆ: ಎರಡನೆಯ ಧಾತು, ಕಾರ್ತಿಕ ಮಾಸ, ಕಣಕ್ಕೆ ರಾಗಿ ಬಂದಿತ್ತು.