ಕ್ರಾಸ್‌ಓವರ್ ಫೈಟಿಂಗ್ ಗೇಮ್: ಪಾತ್ರ, ಪಟ್ಟು, ಕಲಿಕೆ

ಬೇರೆ ಬೇರೆ ಕಥೆಗಳಲ್ಲಿ, ಹಲವು ಸಲ ಬೇರೆ ಬೇರೆ ಕಂಪನಿಗಳ ಸ್ವತ್ತಾಗಿ ಹುಟ್ಟಿದ ಪಾತ್ರಗಳನ್ನು ಒಂದೇ ಅಖಾಡಕ್ಕೆ ಇಳಿಸಿ ಕಾದಾಡಿಸುವ ವಿಡಿಯೊ ಗೇಮ್‌ಗೆ ಕ್ರಾಸ್‌ಓವರ್ ಫೈಟಿಂಗ್ ಗೇಮ್ ಎನ್ನುತ್ತಾರೆ. ಈ ಪ್ರಕಾರ ರೂಪ ಪಡೆದದ್ದು 1994ರಲ್ಲಿ. ಅದರ ಉತ್ತಮ ಆಟಗಳು ಬಹುಪಾಲು ಮುಂದಿನ ಏಳೆಂಟು ವರ್ಷಗಳಲ್ಲೇ ಬಂದವು, ಬಹುಪಾಲು ಜಪಾನಿನ ಒಸಾಕಾ ಸೀಮೆಯ ಎರಡೇ ಕಂಪನಿಗಳಿಂದ ಬಂದವು: ಕ್ಯಾಪ್‌ಕಾಮ್ ಮತ್ತು ಎಸ್‌ಎನ್‌ಕೆ. ಇವನಿಗೂ ಅವನಿಗೂ ಬಿದ್ದರೆ ಯಾರು ಗೆಲ್ಲುತ್ತಾರೆ ಎಂಬ ಹುಡುಗಾಟದ ಕುತೂಹಲವೇ ಜನರನ್ನು ಯಂತ್ರದ ಮುಂದೆ ನಿಲ್ಲಿಸಿತು. ಅಲ್ಲಿಯೇ ಹಿಡಿದಿಟ್ಟದ್ದು ಮಾತ್ರ ಬೇರೆ ಸಂಗತಿ. ಎರಡು ಮನೆತನದ ಪಾತ್ರಗಳು ಬಂದರೆ ಎರಡು ಮನೆತನದ ನಿಯಮಗಳೂ ಬೆನ್ನಿಗೆ ಬರುತ್ತವೆ. ಅವನ್ನು ಹೇಗೆ ಹೊಂದಿಸುವುದು ಎಂಬುದು ತಯಾರಕರ ತಲೆನೋವು, ಹೇಗೆ ಕಲಿಯುವುದು ಎಂಬುದು ಆಡುವವರ ತಲೆನೋವು. ಈ ಪ್ರಕಾರದ ಚರಿತ್ರೆಯೆಲ್ಲ ಈ ಎರಡರ ನಡುವೆಯೇ ನಡೆದಿದೆ.

ಮೂಲ

ಕ್ಯಾಪ್‌ಕಾಮ್ 1987ರಲ್ಲಿ 'ಸ್ಟ್ರೀಟ್ ಫೈಟರ್' ಹೊರತಂದಿತು. ಅದನ್ನು ರೂಪಿಸಿದ ತಕಾಶಿ ನಿಶಿಯಾಮ ಮತ್ತು ಹಿರೋಶಿ ಮತ್ಸುಮೊಟೊ ಆಮೇಲೆ ಎಸ್‌ಎನ್‌ಕೆಗೆ ಹೋಗಿ 'ಫೇಟಲ್ ಫ್ಯೂರಿ' (1991) ಮಾಡಿದರು. ಅದೇ ವರ್ಷ ಕ್ಯಾಪ್‌ಕಾಮ್‌ನಲ್ಲಿ ಉಳಿದವರು 'ಸ್ಟ್ರೀಟ್ ಫೈಟರ್ 2' ಮುಗಿಸಿದರು. ಹೀಗಾಗಿ ಎರಡೂ ಕಂಪನಿಗಳ ಆಟಗಳು ದಾಯಾದಿಗಳು. ಜಗಳವೂ ದಾಯಾದಿಗಳದ್ದೇ: ಎಸ್‌ಎನ್‌ಕೆಯ 'ಆರ್ಟ್ ಆಫ್ ಫೈಟಿಂಗ್' (1992) ನಾಯಕ ತಮ್ಮ ಸ್ಟ್ರೀಟ್ ಫೈಟರ್‌ನ ನಾಯಕ ರ್‍ಯೂನನ್ನು ಹೋಲುತ್ತಾನೆಂದು ಕ್ಯಾಪ್‌ಕಾಮ್‌ನವರು ಡ್ಯಾನ್ ಎಂಬ ಕೈಲಾಗದ ಪೈಲ್ವಾನನನ್ನು ಸೃಷ್ಟಿಸಿ 1995ರ 'ಸ್ಟ್ರೀಟ್ ಫೈಟರ್ ಆಲ್ಫಾ'ದಲ್ಲಿ ಅಣಕವಾಡಿದರು. ಆ ಅಣಕದ ಪಾತ್ರಕ್ಕೇ ಇವತ್ತಿಗೂ ಅಭಿಮಾನಿಗಳಿದ್ದಾರೆ.

'ಸ್ಟ್ರೀಟ್ ಫೈಟರ್ 2' ಇಡೀ ಪ್ರಕಾರಕ್ಕೆ ಅಕ್ಷರಮಾಲೆ ಕೊಟ್ಟಿತು. ಎಂಟು ದಿಕ್ಕಿಗೆ ತಿರುಗುವ ಒಂದು ಹಿಡಿಕೆ, ಆರು ಬಟನ್. ಗುದ್ದು ಮೂರು ತರ, ಒದೆ ಮೂರು ತರ. ಹಿಡಿಕೆಯನ್ನು ಕೆಳಗೆ, ಕೆಳಗೆ-ಮುಂದೆ, ಮುಂದೆ ಎಂದು ಕಾಲು ಸುತ್ತು ಜಾರಿಸಿ ಗುದ್ದಿನ ಬಟನ್ ಒತ್ತಿದರೆ ರ್‍ಯೂನ ಅಂಗೈಯಿಂದ ಶಕ್ತಿಯ ಉಂಡೆ ಹಾರುತ್ತದೆ. ಮುಂದೆ, ಕೆಳಗೆ, ಕೆಳಗೆ-ಮುಂದೆ ಎಂದು ಮುರಿದು ತಿರುಗಿಸಿದರೆ ಮೇಲಕ್ಕೆ ಚಿಮ್ಮುವ ಗುದ್ದು. ಒಂದರ ಹಿಂದೊಂದು ಏಟು ಬಿಡಿಸಿಕೊಳ್ಳಲಾಗದಂತೆ ಬೀಳುವ 'ಕಾಂಬೊ' ಯಾರೂ ಯೋಜಿಸಿದ್ದಲ್ಲ. ತಯಾರಿಯ ಹೊತ್ತಿನಲ್ಲಿ ನೊರಿತಾಕಾ ಫುನಾಮಿಜು ಬೋನಸ್ ಹಂತವನ್ನು ಪರೀಕ್ಷಿಸುವಾಗ ಇದು ಕಣ್ಣಿಗೆ ಬಿತ್ತು. ಇರಲಿ ಎಂದು ಬಿಟ್ಟರು. ಮುಂದಿನ ಎಲ್ಲ ಫೈಟಿಂಗ್ ಗೇಮ್‌ಗಳೂ ಆ 'ಇರಲಿ'ಯ ಮೇಲೆ ನಿಂತಿವೆ ಎಂದರೆ ತಪ್ಪಾಗದು.

ಆಗಸ್ಟ್ 1994ರಲ್ಲಿ ಎಸ್‌ಎನ್‌ಕೆ 'ದಿ ಕಿಂಗ್ ಆಫ್ ಫೈಟರ್ಸ್ 94' ತಂದಿತು. 'ಫೇಟಲ್ ಫ್ಯೂರಿ', 'ಆರ್ಟ್ ಆಫ್ ಫೈಟಿಂಗ್' ಎರಡರ ಪಾತ್ರಗಳ ಜೊತೆಗೆ 'ಇಕಾರಿ ವಾರಿಯರ್ಸ್', 'ಸೈಕೊ ಸೋಲ್ಜರ್' ಎಂಬ ಹಳೆಯ, ಬೇರೆಯೇ ಬಗೆಯ ಆಟಗಳ ಪಾತ್ರಗಳೂ ಅದರಲ್ಲಿ ಬಂದವು. ಮೂವರ ಎಂಟು ತಂಡ, ಒಟ್ಟು 24 ಮಂದಿ. ಒಬ್ಬ ಬಿದ್ದರೆ ಮುಂದಿನವನು ಇಳಿಯಬೇಕು. ಗೆದ್ದವನು ಗಾಯದೊಂದಿಗೇ ನಿಲ್ಲಬೇಕು. ಯಾರನ್ನು ಮೊದಲು ಕಳಿಸುವುದು, ಯಾರನ್ನು ಕೊನೆಗೆ ಉಳಿಸುವುದು ಎಂಬ ಲೆಕ್ಕ ಹುಟ್ಟಿದ್ದು ಇಲ್ಲಿ. ತಂಡ ಒಡೆದು ಬೇಕಾದವರನ್ನು ಕೂಡಿಸುವ ಸ್ವಾತಂತ್ರ್ಯ 1995ರ ಕಂತಿನಲ್ಲಿ ಸಿಕ್ಕಿತು. ಹೆಚ್ಚು ಜನ ಕಲಿತದ್ದು 1997 ಮತ್ತು 1998ರ ಕಂತುಗಳನ್ನು. ಅವುಗಳಲ್ಲಿ ಆಡುವ ಮೊದಲೇ 'ಅಡ್ವಾನ್ಸ್ಡ್', 'ಎಕ್ಸ್‌ಟ್ರಾ' ಎಂಬ ಎರಡು ಪದ್ಧತಿಗಳಲ್ಲಿ ಒಂದನ್ನು ಆರಿಸಬೇಕಿತ್ತು. ಒಂದರಲ್ಲಿ ಓಟ ಮತ್ತು ಉರುಳು, ಇನ್ನೊಂದರಲ್ಲಿ ಹಳೆಯ ಕಾಲದ ಚಿಮ್ಮುನಡೆ ಮತ್ತು ಏಟು ತಪ್ಪಿಸುವ ವಾಲು.

ಕ್ಯಾಪ್‌ಕಾಮ್ ಈ ದಾರಿಗೆ ಬಂದದ್ದು ಅಮೆರಿಕದ ಮಾರ್ವೆಲ್ ಕಾಮಿಕ್ಸ್ ಮೂಲಕ. 1994ರ 'ಎಕ್ಸ್-ಮೆನ್: ಚಿಲ್ಡ್ರನ್ ಆಫ್ ದಿ ಆಟಮ್' ಆಟದಲ್ಲಿ ಸ್ಟ್ರೀಟ್ ಫೈಟರ್‌ನ ಅಕುಮಾನನ್ನು ಗುಟ್ಟಾಗಿ ಅಡಗಿಸಿಟ್ಟಿದ್ದರು. ಅದು ಜನರಿಗೆ ಹಿಡಿಸಿತು. 1996ರಲ್ಲಿ 'ಎಕ್ಸ್-ಮೆನ್ ವರ್ಸಸ್ ಸ್ಟ್ರೀಟ್ ಫೈಟರ್', ಮರುವರ್ಷ 'ಮಾರ್ವೆಲ್ ಸೂಪರ್ ಹೀರೋಸ್ ವರ್ಸಸ್ ಸ್ಟ್ರೀಟ್ ಫೈಟರ್', 1998ರಲ್ಲಿ 'ಮಾರ್ವೆಲ್ ವರ್ಸಸ್ ಕ್ಯಾಪ್‌ಕಾಮ್' ಬಂದವು. ಇಲ್ಲಿ ಇಬ್ಬರ ಜೋಡಿ. ಸುತ್ತಿನ ನಡುವೆಯೇ ಒಬ್ಬನನ್ನು ಹಿಂದೆ ಕರೆದು ಇನ್ನೊಬ್ಬನನ್ನು ಇಳಿಸಬಹುದು, ಹಿಂದೆ ನಿಂತವನು ಸುಧಾರಿಸಿಕೊಳ್ಳುತ್ತಾನೆ.

ಪಾತ್ರವನ್ನು ಕಲಿಯುವುದು

ಹೊಸಬರು ಪಾತ್ರವನ್ನು ಮುಖ ನೋಡಿ ಆರಿಸುತ್ತಾರೆ. ಪಳಗಿದವರು ಅಂತರ ನೋಡಿ ಆರಿಸುತ್ತಾರೆ. ಎದುರಾಳಿಯಿಂದ ಎಷ್ಟು ದೂರ ನಿಂತರೆ ಈ ಪಾತ್ರಕ್ಕೆ ಲಾಭ ಎಂಬುದೇ ಅದರ ಸ್ವಭಾವ. ದೂರದಿಂದ ಕಾಡುವವರು ಒಂದು ಬಗೆ. ಕೈಕಾಲು ಚಾಚಿ ಹೊಡೆಯುವ, ಬೆಂಕಿ ಉಗುಳುವ ಭಾರತದ ಯೋಗಿ ಧಾಲ್ಸಿಮ್ ಅಂಥವನು. ಯೋಗವನ್ನು ಹೀಗೆ ಕಲ್ಪಿಸಿಕೊಂಡವರನ್ನು ನೋಡಿ ನಮ್ಮವರು ನಕ್ಕದ್ದೇ ಹೆಚ್ಚು. ಮೈಮೇಲೆ ಬಿದ್ದು ಉಸಿರಾಡಲು ಬಿಡದವರು ಇನ್ನೊಂದು ಬಗೆ. ಹತ್ತಿರ ಬಂದು ಹಿಡಿದರೆ ಮುಗಿಸಿಬಿಡುವವರು ಮೂರನೆಯ ಬಗೆ. ರಷ್ಯದ ಕುಸ್ತಿಪಟು ಝಾಂಗೀಫ್‌ನ ದೊಡ್ಡ ಪಟ್ಟಿಗೆ ಹಿಡಿಕೆಯನ್ನು ಪೂರ್ತಿ ಒಂದು ಸುತ್ತು ತಿರುಗಿಸಬೇಕು. ಸುತ್ತಿನಲ್ಲಿ 'ಮೇಲೆ' ಎಂಬ ದಿಕ್ಕೂ ಇರುವುದರಿಂದ ನಿಧಾನಿಸಿದರೆ ಅವನು ಹಿಡಿಯುವ ಬದಲು ಹಾರಿಬಿಡುತ್ತಾನೆ. ಹಾಗಾಗಿ ಅವನನ್ನು ಕಲಿಯುವವರು ಮೊದಲು ಕಲಿಯುವುದು ಆ ಸುತ್ತನ್ನು ಬೇರೊಂದು ಚಲನೆಯೊಳಗೆ ಬಚ್ಚಿಡುವುದನ್ನು.

ಎಲ್ಲಕ್ಕೂ ಅಡಿಪಾಯ ಮೂರು ಸಂಗತಿಗಳ ಚಕ್ರ: ಹಿಂದಕ್ಕೆ ಒತ್ತಿ ಏಟು ತಡೆಯಬಹುದು, ತಡೆದು ನಿಂತವನನ್ನು ಹಿಡಿದು ಎಸೆಯಬಹುದು, ಹಿಡಿಯಲು ಬಂದವನನ್ನು ಹೊಡೆಯಬಹುದು. ಅದರ ಮೇಲೆ ಕಾಲದ ಲೆಕ್ಕ. ಪರದೆಯ ಚಿತ್ರ ಸೆಕೆಂಡಿಗೆ 60 ಸಲ ಬದಲಾಗುತ್ತದೆ. ಒಂದೊಂದೂ ಒಂದು ಫ್ರೇಮ್. ಪ್ರತಿ ಏಟಿಗೂ ಏಳುವ ಫ್ರೇಮ್, ತಾಗುವ ಫ್ರೇಮ್, ಮರಳುವ ಫ್ರೇಮ್ ಎಂದು ಮೂರು ಪಾಲು. ಎದುರಾಳಿ ಭಾರಿ ಒದೆ ಹಾಕಿ ಮರಳುವಷ್ಟರಲ್ಲಿ ನಿಮ್ಮ ಚಿಕ್ಕ ಗುದ್ದು ಎದ್ದು ತಾಗುವಂತಿದ್ದರೆ ಅದು ನಿಮ್ಮ ಪಾಲಿನ ಏಟು. ವಿಡಿಯೊ ಗೇಮ್ ಅಂಗಡಿಗಳಲ್ಲಿ ಆಡುತ್ತಿದ್ದವರಿಗೆ ಈ ಅಂಕಿಗಳು ಗೊತ್ತಿರಲಿಲ್ಲ, ಅಂಕಿಗಳ ಫಲ ಬೆರಳಿಗೆ ಗೊತ್ತಿತ್ತು.

ಕುಸ್ತಿಯ ತಾಲೀಮು ಕಂಡ ಆಳಂದ, ಅಫಜಲಪುರ, ಜೇವರ್ಗಿ ಕಡೆಯವರಿಗೆ ಈ ಕಲಿಕೆಯ ಕ್ರಮ ವಿವರಿಸಬೇಕಾಗಿಲ್ಲ. ಉಸ್ತಾದ ಡಾವ್ ಹಾಕಿ ತೋರಿಸುತ್ತಾನೆ, ಬಿಡಿಸಿಕೊಳ್ಳುವ ದಾರಿಯನ್ನೂ ತೋರಿಸುತ್ತಾನೆ; ಯಾವ ಮೈಕಟ್ಟಿನವನ ಮೇಲೆ ಅದು ನಡೆಯದು ಎಂಬುದನ್ನು ಮಾತ್ರ ಮಣ್ಣಿನಲ್ಲಿ ಬಿದ್ದೇ ತಿಳಿಯಬೇಕು. ಜಟ್ಟಿಗಳನ್ನು ತೂಗಿ ನೋಡುವ ವಿದ್ಯೆ ಈ ಸೀಮೆಗೆ ಹಳೆಯದು. ಆಳಂದಕ್ಕೆ ಈಶಾನ್ಯದಲ್ಲಿರುವ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದಕ್ಕೆಂದೇ ಒಂದು ಭಾಗ ಮೀಸಲಿಟ್ಟು, ಮಲ್ಲರನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂದು ವಿಂಗಡಿಸಿದ್ದಾನೆ. ಅವರ ಆಹಾರ, ಅಭ್ಯಾಸಗಳನ್ನೂ ಹೇಳಿದ್ದಾನೆ. ಸರಿಜೋಡಿ ನೋಡಿ ಕುಸ್ತಿ ಹಿಡಿಸುವುದು ಹೇಗೆ ಎಂಬ ಈ ಹಳೆಯ ಪ್ರಶ್ನೆಯೇ 2000ನೇ ಇಸವಿಯಲ್ಲಿ ಕ್ಯಾಪ್‌ಕಾಮ್‌ನವರಿಗೂ ಎದುರಾಯಿತು.

ಎರಡು ಉತ್ತರಗಳು

ಆ ವರ್ಷ ಎರಡು ಆಟಗಳು ಬಂದವು. 'ಕ್ಯಾಪ್‌ಕಾಮ್ ವರ್ಸಸ್ ಎಸ್‌ಎನ್‌ಕೆ' ತೂಕದ ದಾರಿ ಹಿಡಿಯಿತು. ಪ್ರತಿ ಪಾತ್ರಕ್ಕೂ ಒಂದರಿಂದ ನಾಲ್ಕರವರೆಗೆ ತೂಕ. ತಂಡದ ಒಟ್ಟು ನಾಲ್ಕು ಮೀರಬಾರದು. ನಾಲ್ಕು ತೂಕದ ಒಬ್ಬನೇ ಬರಬಹುದು, ಒಂದು ತೂಕದ ನಾಲ್ವರೂ ಬರಬಹುದು. ಆದರೆ ತೂಕವನ್ನು ಕಂಪನಿಯೇ ನಿಗದಿ ಮಾಡಿದ್ದರಿಂದ ಬೇಕಾದ ಪಾತ್ರಗಳು ಕೂಡುತ್ತಿರಲಿಲ್ಲ. 2001ರ ಎರಡನೇ ಕಂತಿನಲ್ಲಿ ತೂಕ ಹಂಚುವ ಅಧಿಕಾರವನ್ನು ಆಡುವವರಿಗೇ ಬಿಟ್ಟರು, ತಂಡ ಮೂವರಿಗೆ ನಿಂತಿತು.

ಅದಕ್ಕಿಂತ ದೊಡ್ಡ ಸಂಗತಿ ಆ ಕಂತಿನ ಆರು 'ಗ್ರೂವ್'ಗಳು. ಸಿ, ಎ, ಪಿ ಕ್ಯಾಪ್‌ಕಾಮ್ ಪರಂಪರೆಯವು. ಎಸ್, ಎನ್, ಕೆ ಎಸ್‌ಎನ್‌ಕೆಯವು. ಪಿ ಆರಿಸಿದರೆ ಏಟು ತಾಗುವ ಕ್ಷಣಕ್ಕೆ ಮುಂದಕ್ಕೆ ಒತ್ತಿ ಅದನ್ನು ತಳ್ಳಿಹಾಕುವ 'ಪ್ಯಾರಿ' ಸಿಗುತ್ತದೆ. ಇದು 'ಸ್ಟ್ರೀಟ್ ಫೈಟರ್ 3'ರ ಬಳುವಳಿ. ಎನ್ ಆರಿಸಿದರೆ ಕಿಂಗ್ ಆಫ್ ಫೈಟರ್ಸ್‌ನ ಓಟ, ಉರುಳು, ಗಿಡ್ಡ ನೆಗೆತ. ಎಸ್‌ನಲ್ಲಿ ನಿಂತಲ್ಲೇ ಬಟನ್ ಒತ್ತಿ ಶಕ್ತಿ ತುಂಬಿಕೊಳ್ಳುವ 1994ರ ಪದ್ಧತಿ. ಕೆಯಲ್ಲಿ ಏಟು ತಿಂದಷ್ಟೂ ಸಿಟ್ಟು ತುಂಬಿ ಪೆಟ್ಟು ಭಾರವಾಗುತ್ತದೆ. ಅಂದರೆ ಒಂದೇ ರ್‍ಯೂ ಆರು ಬಗೆಯ ರ್‍ಯೂ ಆಗುತ್ತಾನೆ. ಎರಡು ಮನೆತನದ ನಿಯಮಗಳನ್ನು ಕಲಸಿ ಒಂದು ಮಾಡುವ ಬದಲು ಎಲ್ಲವನ್ನೂ ಹಾಗೇ ಉಳಿಸಿ ಆಯ್ಕೆ ಕೊಟ್ಟದ್ದು ಈ ಪ್ರಕಾರದಲ್ಲಿ ನಡೆದ ಅತ್ಯಂತ ಬುದ್ಧಿವಂತ ಕೆಲಸ. ಆ ಬುದ್ಧಿಗೂ ಒಂದು ಬಿರುಕು ಇತ್ತು. ಉರುಳುವ ಚಲನೆಯನ್ನು ಮೊದಲ ಕೆಲವೇ ಫ್ರೇಮ್‌ಗಳಲ್ಲಿ ಮುರಿದು ವಿಶೇಷ ಪಟ್ಟು ಹಾಕಿದರೆ, ಉರುಳುವವನಿಗಿರುವ ರಕ್ಷಣೆ ಆ ಪಟ್ಟಿಗೂ ಅಂಟಿಕೊಳ್ಳುತ್ತದೆ. ತಯಾರಕರ ಕಣ್ತಪ್ಪಿನ ಈ 'ರೋಲ್ ಕ್ಯಾನ್ಸಲ್' ಕಲಿಯದವರು ಮೇಲಿನ ಹಂತದಲ್ಲಿ ನಿಲ್ಲುವುದು ಕಷ್ಟವಾಯಿತು.

ಇನ್ನೊಂದು ಆಟ 'ಮಾರ್ವೆಲ್ ವರ್ಸಸ್ ಕ್ಯಾಪ್‌ಕಾಮ್ 2' ತೂಕದ ಗೋಜಿಗೇ ಹೋಗಲಿಲ್ಲ. 56 ಪಾತ್ರಗಳನ್ನು ತಂದು ಸುರಿಯಿತು. ಗುದ್ದಿಗೆ ಎರಡು, ಒದೆಗೆ ಎರಡು ಬಟನ್. ಉಳಿದೆರಡು ಹಿಂದೆ ನಿಂತ ಇಬ್ಬರನ್ನು ಕ್ಷಣಮಾತ್ರ ನೆರವಿಗೆ ಕರೆಯಲು. ಪ್ರತಿ ಪಾತ್ರಕ್ಕೂ ಮೂರು ಬಗೆಯ ನೆರವು. ಆಡುವ ಮೊದಲೇ ಒಂದನ್ನು ಗೊತ್ತು ಮಾಡಬೇಕು. ಹೀಗಾಗಿ ಇದರಲ್ಲಿ ಪಾತ್ರ ಕಲಿತರೆ ಸಾಲದು, ಮೂವರ ಕೂಟ ಕಲಿಯಬೇಕು. ವರ್ಷಗಟ್ಟಲೆ ಆಡಿದ ಮೇಲೆ ಮ್ಯಾಗ್ನೀಟೊ, ಸ್ಟಾರ್ಮ್, ಸೆಂಟಿನೆಲ್, ಕೇಬಲ್ ಈ ನಾಲ್ವರೇ ಉಳಿದವರನ್ನೆಲ್ಲ ಮೀರುತ್ತಾರೆಂಬುದು ಗಟ್ಟಿಯಾಯಿತು. ಒಬ್ಬಂಟಿಯಾಗಿ ಅಂಥ ಬಲವಿಲ್ಲದ ಸೈಲಾಕ್ ಮಾತ್ರ ನೆಗೆಯುವವರನ್ನು ಹೊಡೆದುರುಳಿಸುವ ತನ್ನ ನೆರವಿನ ಬಲದಿಂದಲೇ ಮ್ಯಾಗ್ನೀಟೊ, ಸ್ಟಾರ್ಮ್ ಜೊತೆ ಖಾಯಂ ಜಾಗ ಗಿಟ್ಟಿಸಿದಳು. ಸಮತೋಲ ಎಂಬುದು ಇಲ್ಲಿ ಹೆಸರಿಗೂ ಇಲ್ಲ. ಆದರೂ ಅಮೆರಿಕದ ಎವೊ ಪಂದ್ಯಾವಳಿಯಲ್ಲಿ ಇದು ವರ್ಷಗಳ ಕಾಲ ಮೆರೆಯಿತು. ಎಲ್ಲರೂ ಸಮಾನವಾಗಿ ಸಪ್ಪೆಯಾಗಿರುವ ಆಟಕ್ಕಿಂತ, ಬಲಶಾಲಿಗಳ ಬಲಕ್ಕೆ ಮಿತಿಯೇ ಇಲ್ಲದ ಆಟ ಕಲಿಯುವವರಿಗೆ ಹೆಚ್ಚು ಕಾಲ ಕೆಲಸ ಕೊಡುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

ಎಸ್‌ಎನ್‌ಕೆ 2001ರಲ್ಲಿ ದಿವಾಳಿಯಾಯಿತು. ಅದರ ವಾರಸುದಾರರು 2003ರಲ್ಲಿ ತಂದ 'ಎಸ್‌ವಿಸಿ ಕೇಯಾಸ್' ಹೆಚ್ಚು ಮನ್ನಣೆ ಪಡೆಯಲಿಲ್ಲ. ಮುಂದೆ 'ಟಟ್ಸುನೊಕೊ ವರ್ಸಸ್ ಕ್ಯಾಪ್‌ಕಾಮ್' (2008), 'ಮಾರ್ವೆಲ್ ವರ್ಸಸ್ ಕ್ಯಾಪ್‌ಕಾಮ್ 3' (2011), 'ಸ್ಟ್ರೀಟ್ ಫೈಟರ್ ಎಕ್ಸ್ ಟೆಕ್ಕನ್' (2012) ಬಂದವು. ನಿಂಟೆಂಡೊದ 'ಸೂಪರ್ ಸ್ಮ್ಯಾಶ್ ಬ್ರದರ್ಸ್' (1999) ಬೇರೆಯೇ ಕವಲು. ಅಲ್ಲಿ ಎದುರಾಳಿಯನ್ನು ಅಖಾಡದಿಂದ ಹೊರಗೆ ತಳ್ಳುವುದೇ ಗೆಲುವು.

ಕರ್ನಾಟಕದಲ್ಲಿ, ನೆರೆಹೊರೆಯಲ್ಲಿ

ದಕ್ಷಿಣ ಏಷ್ಯಾದ ವಿಡಿಯೊ ಗೇಮ್ ಅಂಗಡಿಗಳಿಗೆ ಎಸ್‌ಎನ್‌ಕೆಯ 1990ರ ನಿಯೊ ಜಿಯೊ ಯಂತ್ರ ಒಗ್ಗಿತು. ಹೊಸ ಆಟಕ್ಕೆ ಇಡೀ ಬೋರ್ಡ್ ಬದಲಿಸಬೇಕಿಲ್ಲ, ಕಾರ್ಟ್ರಿಜ್ ಬದಲಿಸಿದರೆ ಸಾಕು. ನಕಲಿಗಳೂ ಧಾರಾಳವಾಗಿ ಓಡಾಡಿದವು. ಭಾರತದಲ್ಲಿ ಕ್ಯಾಪ್‌ಕಾಮ್‌ನ 'ಕ್ಯಾಡಿಲಾಕ್ಸ್ ಅಂಡ್ ಡೈನೊಸಾರ್ಸ್' ಅದರ ಒಂದು ಪಾತ್ರದ ಹೆಸರಿನಿಂದ 'ಮುಸ್ತಫಾ' ಆಟವೆಂದೇ ಮನೆಮಾತಾಯಿತು. ಪಾಕಿಸ್ತಾನದ ಅಂಗಡಿಗಳಲ್ಲಿ ಕಿಂಗ್ ಆಫ್ ಫೈಟರ್ಸ್ ಬೇರುಬಿಟ್ಟಿತು. 2019ರಲ್ಲಿ ಜಪಾನ್ ಮತ್ತು ಅಮೆರಿಕದ ಎರಡೂ ಎವೊಗಳಲ್ಲಿ 'ಟೆಕ್ಕನ್ 7' ಗೆದ್ದ ಲಾಹೋರಿನ ಅರ್ಸ್‌ಲಾನ್ ಆಶ್ ಕಿಂಗ್ ಆಫ್ ಫೈಟರ್ಸ್‌ನಿಂದಲೇ ಬಂದವರು.

ಕರ್ನಾಟಕದಲ್ಲಿ ಈ ಅಂಗಡಿಗಳ ಹಣೆಬರಹ ನ್ಯಾಯಾಲಯದಲ್ಲಿ ತೀರ್ಮಾನವಾಯಿತು. ಬೆಂಗಳೂರು ನಗರದ ಸಾರ್ವಜನಿಕ ಮನರಂಜನಾ ಸ್ಥಳಗಳ 1989ರ ಆದೇಶದ ಪ್ರಕಾರ ವಿಡಿಯೊ ಗೇಮ್ ಅಂಗಡಿಗೆ ಪೊಲೀಸ್ ಲೈಸೆನ್ಸ್ ಬೇಕಿತ್ತು. ಅದನ್ನು ಪ್ರಶ್ನಿಸಿದ ಎಂ.ಜೆ. ಶಿವಾನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1995ರಲ್ಲಿ ಲೈಸೆನ್ಸ್ ಪದ್ಧತಿಯನ್ನು ಎತ್ತಿಹಿಡಿಯಿತು. ಅಲ್ಲಿ ವಿವಾದ ಇದ್ದದ್ದು ಪಣಕ್ಕೆ ಆಡುವ ಯಂತ್ರಗಳ ಬಗ್ಗೆ: ಗೆಲುವು ಕೌಶಲದಿಂದ ಬರುತ್ತದೆಯೋ ಅದೃಷ್ಟದಿಂದಲೋ, ಒಳಗೆ ಕೈಯಾಡಿಸಿದರೆ ಏನಾಗುತ್ತದೆ ಎಂಬ ಬಗ್ಗೆ. ಕಾಲು ಸುತ್ತು ತಪ್ಪಿದರೆ ಉಂಡೆ ಹಾರದ ಆಟದಲ್ಲಿ ಅದೃಷ್ಟಕ್ಕೆ ಎಡೆ ಕಡಿಮೆ. ಆದರೆ ಬಾಗಿಲಿನ ಫಲಕ ಎರಡು ಬಗೆಯ ಯಂತ್ರಕ್ಕೂ ಒಂದೇ ಆಗಿತ್ತು, 'ವಿಡಿಯೊ ಗೇಮ್' ಎಂದರೆ ಹುಡುಗರು ಕೆಡುವ ಜಾಗ ಎಂಬ ಮಾತು ಮನೆಗಳಲ್ಲಿ ಗಟ್ಟಿಯಾಗಲು ಅಷ್ಟು ಸಾಕಾಯಿತು. ಕೌಶಲವೋ ಅದೃಷ್ಟವೋ ಎಂಬ ಪ್ರಶ್ನೆ ಮತ್ತೆ ಎದ್ದದ್ದು 2021ರ ಕರ್ನಾಟಕ ಪೊಲೀಸ್ ತಿದ್ದುಪಡಿ ಕಾಯ್ದೆಯಿಂದ. ಕೌಶಲದ ಆಟಗಳನ್ನೂ ಜೂಜಿನ ಜೊತೆ ಸೇರಿಸಿದ ಅದರ ಮುಖ್ಯ ಅಂಶಗಳನ್ನು ಹೈಕೋರ್ಟ್ ಫೆಬ್ರುವರಿ 2022ರಲ್ಲಿ ರದ್ದುಪಡಿಸಿತು. ಹಣದ ಆಟಗಳನ್ನು ನಿಷೇಧಿಸಿದ 2025ರ ಕೇಂದ್ರ ಕಾಯ್ದೆ ಇ-ಸ್ಪೋರ್ಟ್ಸ್ ಅನ್ನು ಬೇರೆಯಾಗಿ ಗುರುತಿಸಿ ಮಾನ್ಯ ಮಾಡಿತು. ಅದಕ್ಕೂ ಮೊದಲೇ, 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ 'ಸ್ಟ್ರೀಟ್ ಫೈಟರ್ 5' ಪದಕದ ಸ್ಪರ್ಧೆಯಾಗಿತ್ತು. ಭಾರತದಿಂದ ಮಯಾಂಕ್ ಪ್ರಜಾಪತಿ, ಅಯಾನ್ ಬಿಸ್ವಾಸ್ ಆಡಿದರು. ಚಿನ್ನ ಗೆದ್ದದ್ದು ದಕ್ಷಿಣ ಕೊರಿಯಾದ 44 ವರ್ಷದ ಕಿಮ್ ಗ್ವಾನ್-ವೂ.

ಉಳಿವು

ಕ್ಯಾಪ್‌ಕಾಮ್‌ನ ಸಿಪಿಎಸ್-2 ಬೋರ್ಡ್‌ಗಳಲ್ಲಿ ನಕಲು ತಡೆಯಲು ಆಟದ ಬೀಗದ ಕೈಯನ್ನು ಬ್ಯಾಟರಿ ನೆಚ್ಚಿದ ಮೆಮೊರಿಯಲ್ಲಿ ಇಟ್ಟಿದ್ದರು. ಬ್ಯಾಟರಿ ಸತ್ತರೆ ಆಟವೂ ಸತ್ತಂತೆ. 1996ರಿಂದ 1998ರವರೆಗಿನ ಮಾರ್ವೆಲ್ ಕ್ರಾಸ್‌ಓವರ್‌ಗಳು ಇದೇ ಬೋರ್ಡಿನವು. ಅವನ್ನು ಉಳಿಸಿದ್ದರಲ್ಲಿ ಹವ್ಯಾಸಿಗಳ ಪಾಲು ದೊಡ್ಡದು. ಹಳೆಯ ಯಂತ್ರಗಳನ್ನು ಕಂಪ್ಯೂಟರಿನಲ್ಲಿ ಅನುಕರಿಸುವ 'ಮೇಮ್' 1997ರಲ್ಲಿ ಶುರುವಾಯಿತು. ಸಿಪಿಎಸ್-2ರ ಬೀಗ 2001ರ ಹೊತ್ತಿಗೆ ಸಡಿಲವಾಯಿತು. ದೂರದ ಊರಿನವರೊಡನೆ ಆಡುವಾಗಿನ ವಿಳಂಬವನ್ನು ಟೋನಿ ಕ್ಯಾನನ್ ರೂಪಿಸಿದ 'ಜಿಜಿಪಿಒ' ಬಗೆಹರಿಸಿತು. ಎದುರಾಳಿಯ ಮುಂದಿನ ಒತ್ತನ್ನು ಅದು ಊಹಿಸಿ ಆಟ ಮುಂದುವರಿಸುತ್ತದೆ, ಊಹೆ ತಪ್ಪಿದರೆ ಕೆಲವು ಫ್ರೇಮ್ ಹಿಂದೆ ಹೋಗಿ ಸರಿಪಡಿಸುತ್ತದೆ.

ಕಂಪನಿಗಳ ಒಪ್ಪಂದ ಮುಗಿದದ್ದರಿಂದ 'ಮಾರ್ವೆಲ್ ವರ್ಸಸ್ ಕ್ಯಾಪ್‌ಕಾಮ್ 2' ಡಿಸೆಂಬರ್ 2013ರಲ್ಲಿ ಆನ್‌ಲೈನ್ ಮಾರಾಟದಿಂದ ಮಾಯವಾಗಿತ್ತು. ಸೆಪ್ಟೆಂಬರ್ 2024ರಲ್ಲಿ ಹಳೆಯ ಮಾರ್ವೆಲ್ ಆಟಗಳ ಸಂಪುಟದಲ್ಲಿ ಅದು ಮರಳಿತು. 'ಕ್ಯಾಪ್‌ಕಾಮ್ ವರ್ಸಸ್ ಎಸ್‌ಎನ್‌ಕೆ 2' ಮೇ 2025ರ ಇನ್ನೊಂದು ಸಂಪುಟದಲ್ಲಿ ಬಂದಿತು. ಈ ಸಂಪುಟಗಳಲ್ಲಿ ಈಗ ಅಭ್ಯಾಸಕ್ಕೆಂದೇ ಪ್ರತ್ಯೇಕ ವಿಭಾಗವಿದೆ, ಒಂದೇ ಬಟನ್ನಿಗೆ ವಿಶೇಷ ಪಟ್ಟು ಹಾಕುವ ಸೌಲಭ್ಯವೂ ಇದೆ. ಝಾಂಗೀಫ್‌ನ ಸುತ್ತು ತಿರುಗಿಸಲು ಬೆರಳು ಪಳಗಿಸಬೇಕಾಗಿಲ್ಲ. ಹಿಡಿಯುವಷ್ಟು ಹತ್ತಿರ ಹೋಗುವುದು ಮಾತ್ರ 1991ರಲ್ಲಿದ್ದಷ್ಟೇ ಕಷ್ಟ.